ಹೊನ್ನಾಳಿಯ ಭಾನುವಾರಗಳು

ಭಾವನ ಕಾಲ್ಬೆರಳುಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಕೆರೆಯಿಂದ ಕಾಲುವೆಗೆ ನೀರು ಬಿಟ್ಟರೆಂದರೆ ಅವರ ಪಾದ ದಿನಕ್ಕೆ ಏಳೆಂಟು ತಾಸು ನೀರಿನಲ್ಲೇ ಇರುತ್ತಿತ್ತು. ಆ ದಿನ ಊಟ ಮುಗಿಸಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮೂರು ವರ್ಷದ ಮಗಳು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು.

“ಅಪ್ಪನ ಕಾಲಿಗೆ ವಯಸ್ಸಾಗೈತೆ,” ಎಂದಳು.

“ಮುಖಕ್ಕೆ?” ಎಂದು ಭಾವ ಕೇಳಿದರು.

ಅವಳು ತಲೆ ಎತ್ತಿ ನೋಡಿ, ಸ್ವಲ್ಪ ಯೋಚಿಸಿ, “ಮುಖಕ್ಕೆ ಇನ್ನೂ ಆಗಿಲ್ಲ,” ಎಂದಳು.

ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕ ನಕ್ಕಳು. ನಾನು ಊರಿಂದ ಹಬ್ಬಕ್ಕೆಂದು ಹೋಗಿದ್ದವನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಆ ಮನೆಯಲ್ಲಿ ಅಕ್ಕ ನಕ್ಕದ್ದನ್ನು ನಾನು ಕೇಳಿದ್ದು ಅದೇ ಕೊನೆ.

ನಮ್ಮದು ಜಗಳೂರು ತಾಲ್ಲೂಕು, ಬಿಳಿಚೋಡಿನ ಹತ್ತಿರದ ಹಳ್ಳಿ. ಅಲ್ಲಿ ಹೊಲವೆಲ್ಲ ಮಳೆಯನ್ನೇ ನಂಬಿದ್ದು. ಅಪ್ಪ ಅಕ್ಕನಿಗೆ ಗಂಡು ಹುಡುಕುವಾಗ ಮೊದಲು ನೋಡಿದ್ದು ನೀರನ್ನು. ಊರು ಸೂಳೆಕೆರೆ ಪಕ್ಕದ್ದು, ಹುಡುಗ ಅಲ್ಲಿಯ ನೀರಗಂಟಿ ಎಂದು ಗೊತ್ತಾದ ಮೇಲೆ ಅಪ್ಪನಿಗೆ ಬೇರೆ ವಿಚಾರಣೆ ಬೇಕಾಗಲಿಲ್ಲ. “ಊರಿಗೆಲ್ಲ ನೀರು ಬಿಡೋನು ನನ್ನ ಮಗಳಿಗೆ ಒಂದು ಕೊಡ ಕೊಡದೆ ಇರ್ತಾನಾ,” ಎಂದಿದ್ದ.

ಕಾಲುವೆಯ ಗೇಟು ತಿರುಗಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಪಾಳಿಯ ಪ್ರಕಾರ ಹರಿಸುವುದು ನೀರಗಂಟಿಯ ಕೆಲಸ. ತನ್ನ ಪಾಳಿ ಬಂದಾಗ ಬದುವಿನ ಮೇಲೆ ಇರದವನಿಗೆ ಅಂದು ನೀರಿಲ್ಲ; ಅದು ಮುಂದಿನವನಿಗೆ ಹೋಗುತ್ತದೆ. ತಪ್ಪಿದ್ದನ್ನು ನಾಳೆ ತುಂಬಿಕೊಡುವ ಪದ್ಧತಿ ಇಲ್ಲ. ಈ ವಿಷಯದಲ್ಲಿ ಭಾವ ಕಲ್ಲು. ಅವರ ಸ್ವಂತ ಅಣ್ಣ ಒಮ್ಮೆ ಮದುವೆ ಊಟ ಮುಗಿಸಿ ತಡವಾಗಿ ಬಂದು ಗಲಾಟೆ ತೆಗೆದಾಗ, “ಗದ್ದೆ ನಿಂದೇ. ಹೊತ್ತು ಹೋದ ಮೇಲೆ ನೀರು ನಿಂದಲ್ಲ,” ಎಂದು ಗೇಟಿನ ಹಿಡಿಕೆ ಕಳಚಿ ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದಿದ್ದರಂತೆ. ಊರಲ್ಲಿ ಇದನ್ನು ನಗುತ್ತಾ ಹೇಳುತ್ತಿದ್ದರು. ಅಣ್ಣ ಮಾತ್ರ ಒಂದು ವರ್ಷ ಮಾತಾಡಿರಲಿಲ್ಲ.

ಮಗಳು ಕಾಲಿನ ವಯಸ್ಸು ಹೇಳಿದ ಮರುದಿನ ಬೆಳಿಗ್ಗೆ ಭಾವ ಅವಳನ್ನು ಗೇಟಿನ ಹತ್ತಿರ ಕರೆದುಕೊಂಡು ಹೋದರು. ಹೊಂಗೆ ಮರದ ಕೆಳಗೆ ಕೂರಿಸಿ ಹಿಡಿಕೆ ತಿರುಗಿಸುತ್ತಿದ್ದರು. ಅವಳು ಯಾವಾಗ ಎದ್ದಳೋ, ಕಾಲುವೆಯ ಏರಿ ಇಳಿದು ನೀರಿಗೆ ಬಿದ್ದಳು. ಭಾವ ಹಾರಿ ಎತ್ತಿದರು. ನಾಲ್ಕು ಉಸಿರಿನಷ್ಟು ಹೊತ್ತು ಅವಳು ನೀರಲ್ಲಿದ್ದಳು ಎಂದು ಆಮೇಲೆ ಅವರೇ ನನಗೆ ಹೇಳಿದರು. ಮನೆಗೆ ತಂದಾಗ ಮಗು ಕೆಮ್ಮುತ್ತಾ ಒಂದು ಚಪ್ಪಲಿ ಹೋಯಿತೆಂದು ಅಳುತ್ತಿತ್ತು. ಅಕ್ಕ ಅವರ ಕೈಯಿಂದ ಮಗುವನ್ನು ಕಿತ್ತುಕೊಂಡಳು. ಅವಳನ್ನು ಸಮಾಧಾನ ಮಾಡಲೆಂದೋ, ತಮ್ಮ ಭಯ ಮುಚ್ಚಿಕೊಳ್ಳಲೆಂದೋ ಭಾವ, “ಏನಾಗಲ್ಲ ಬಿಡು, ನೀರಗಂಟಿ ಮಗಳು ನೀರಿಗೆ ಹೆದರ್ತಾಳಾ?” ಎಂದು ನಕ್ಕರು.

ಅಕ್ಕ ಮಗುವಿನ ಮೈ ಒರೆಸಿದಳು, ಬಟ್ಟೆ ಹಾಕಿದಳು, ಮಧ್ಯಾಹ್ನದ ಬಸ್ಸಿಗೆ ನನ್ನ ಜೊತೆ ಹೊರಟಳು. ಭಾವ ನಾಲ್ಕು ದಿನ ಹೋಗಿ ಬರಲಿ ಎಂದುಕೊಂಡು ತಾವೇ ಬಸ್ಸಿಗೆ ಚೀಲ ಇಟ್ಟುಕೊಟ್ಟರು. ಅವಳು ತಿರುಗಿ ಹೋಗಲಿಲ್ಲ. ಆ ಕಾಲುವೆಯ ಪಕ್ಕ ಮಗು ಬೆಳೆಸುವುದಿಲ್ಲ ಎಂದಳು. ಹಿರಿಯರು ಕೂತು ಮಾತಾಡಿದರೂ ಬಗೆಹರಿಯಲಿಲ್ಲ. ಕೊನೆಗೆ ಅಕ್ಕ ಕೋರ್ಟಿಗೆ ಹಾಕಿದ ಅರ್ಜಿಯಲ್ಲಿ ಭಾವ ನಕ್ಕು ಆಡಿದ ಆ ಮಾತು ಅಕ್ಷರಕ್ಕೆ ಅಕ್ಷರ ಬಂದಿತ್ತು.

ಅಕ್ಕನಿಗೆ ನ್ಯಾಮತಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಜೊತೆಗಿರಲು ನಾನೂ ಹೋದೆ. ಅಲ್ಲೇ ಗೊಬ್ಬರದ ಅಂಗಡಿಯಲ್ಲಿ ಸೇರಿಕೊಂಡೆ. ಮಗು ತಾಯಿಯ ಹತ್ತಿರ ಇರಲಿ, ಹದಿನೈದು ದಿನಕ್ಕೊಂದು ಭಾನುವಾರ ಹತ್ತರಿಂದ ಹನ್ನೆರಡರವರೆಗೆ ತಂದೆ ನೋಡಲಿ ಎಂದು ಕೋರ್ಟಿನಲ್ಲಿ ಆಯಿತು. ಜಾಗ ಹೊನ್ನಾಳಿ, ಬಸ್ ಸ್ಟಾಂಡಿನ ಹತ್ತಿರದ ಪಾರ್ಕು. ಅಕ್ಕ ಬರುವುದಿಲ್ಲ ಎಂದಳು. ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ನಮ್ಮ ವಕೀಲರು ಒಂದು ನೋಟ್‌ಬುಕ್ ಇಡಲು ಹೇಳಿದರು. “ಬಂದ ಹೊತ್ತು, ಹೋದ ಹೊತ್ತು ಬರೀರಿ. ಅರ್ಧ ತಾಸು ಕಾದು ನೋಡಿ. ಬರ್ಲಿಲ್ಲ ಅಂದ್ರೆ ಬರಲಿಲ್ಲ ಅಂತ ಬರೀರಿ.”

ಮೊದಲ ಭಾನುವಾರ ಭಾವ ಹೊಸ ಬೂಟು, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಅವರ ವಕೀಲರು ಹಾಗೆ ಬರಲು ಹೇಳಿದ್ದರಂತೆ. ಮಗು ಅವರನ್ನು ಕಂಡು ಹದಿನಾಲ್ಕು ತಿಂಗಳಾಗಿತ್ತು. ಅವಳು ನನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ, “ಕಾಲು ತೋರ್ಸು,” ಎಂದಳು.

ಭಾವ ಕಲ್ಲು ಬೆಂಚಿನ ಮೇಲೆ ಕೂತು ಬೂಟು, ಕಾಲುಚೀಲ ಬಿಚ್ಚಿದರು. ಅದು ಕಾಲುವೆ ನಿಲ್ಲಿಸಿದ ಸಮಯ. ಬೆರಳುಗಳು ಒಣಗಿ ನುಣುಪಾಗಿ ಎಲ್ಲರ ಬೆರಳಿನಂತೆ ಇದ್ದವು. ಮಗು ಬಗ್ಗಿ ನೋಡಿ, “ಇದು ಅಪ್ಪಂದಲ್ಲ,” ಎಂದು ನನ್ನ ಪ್ಯಾಂಟು ಹಿಡಿದುಕೊಂಡಿತು.

ಭಾವ ಬೂಟು ಕೈಯಲ್ಲಿ ಹಿಡಿದು ಎದ್ದರು. “ನಡೀರಿ, ಹೊಳೆ ತನಕ ಹೋಗಾನ,” ಎಂದರು. ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು ಎರಡೂ ಕಾಲು ನೀರಿಗೆ ಇಳಿಬಿಟ್ಟರು. ನಾವಿಬ್ಬರೂ ಎರಡು ಮೆಟ್ಟಿಲು ಮೇಲೆ ಕೂತೆವು. ಅವರಿಗೆ ಸಿಕ್ಕಿದ್ದು ಎರಡು ತಾಸು. ಅದರಲ್ಲಿ ಒಂದು ತಾಸಿಗೂ ಹೆಚ್ಚು ಹಾಗೇ ಕೂತರು, ನಡುನಡುವೆ ಕಾಲು ಎತ್ತಿ ನೋಡಿಕೊಳ್ಳುತ್ತಾ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಬೆರಳ ತುದಿ ಬೆಳ್ಳಗಾಗತೊಡಗಿತು. ಮಗು ಒಂದು ಮೆಟ್ಟಿಲು ಇಳಿಯಿತು. ಆಮೇಲೆ ಇನ್ನೊಂದು. ಕಿರುಬೆರಳನ್ನು ಮುಟ್ಟಿ ನೋಡಿ ಅವರ ಮುಖ ನೋಡಿತು. ಅಷ್ಟರಲ್ಲಿ ಹೊತ್ತಾಯಿತು.

ಮುಂದಿನ ಸಲ ಬಂದಾಗ ಅವರ ಕಾಲಲ್ಲಿ ಹಳೆಯ ಚಪ್ಪಲಿ ಇತ್ತು. ಬೆಳಗಿನ ಜಾವ ಎದ್ದು ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದರಂತೆ. ಬಸ್ಸಿನಲ್ಲಿ ಒಣಗದಿರಲೆಂದು ಒದ್ದೆ ಟವೆಲ್ ಸುತ್ತಿಕೊಂಡು ಬಂದಿದ್ದರು. “ಎದುರಿಗೆ ಕೂತೋನು ಕೇಳ್ದ, ಏನ್ರಿ ಕಾಲು ಸುಟ್ಟೈತಾ ಅಂತ. ಹೂನಪ್ಪಾ ಅಂದೆ,” ಎಂದು ನನಗೆ ಹೇಳಿದರು. ಆ ದಿನ ಮಗು ಅವರ ಹೆಗಲೇರಿತು.

ನನ್ನನ್ನು ಅವರು, ಕೋರ್ಟಿನಿಂದ ನೋಟೀಸು ತರುವವನ ಹಾಗೆ, ‘ಅಮೀನ್ ಸಾಹೇಬ್ರು’ ಎಂದು ಕರೆಯತೊಡಗಿದರು. ನಾನು ನೋಟ್‌ಬುಕ್ ತೆಗೆದರೆ, “ಬರ್ಕಳ್ರಿ ಅಮೀನ್ರೇ, ಆರೋಪಿ ಶೇಂಗಾ ಕೊಡಿಸ್ದ ಅಂತಾನೂ ಬರ್ಕಳ್ರಿ,” ಎನ್ನುವರು. ಪಾರ್ಕಿನ ಬಾಗಿಲಲ್ಲಿ ಹಣ್ಣಿನ ಗಾಡಿ ಇಟ್ಟುಕೊಂಡಿದ್ದ ಚಾಚಾ ಇದನ್ನು ಕೇಳಿ ನಗುತ್ತಿದ್ದರು. ಆದರೆ ಒಂದು ದಿನ ಮಗು ಜಾರುಬಂಡಿಯಲ್ಲಿ ಆಡುತ್ತಿದ್ದಾಗ ಭಾವ ಸುಮ್ಮನೆ ಕೇಳಿದರು: “ಜ್ವರ ಬಂದಾಗ ಈಗ ಯಾವ ಮಗ್ಗುಲಿಗೆ ಮಲಗ್ತಾಳೆ? ಮೊದ್ಲು ಎಡಕ್ಕೆ ಮಲಗ್ತಿದ್ಲು, ನನ್ನ ಕಿವಿ ಹಿಡ್ಕಂಡು.” ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ಅವರು ಮತ್ತೆ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಕೇಳುತ್ತಲೇ ಇದೆ.

ಕೆಲವು ತಿಂಗಳ ನಂತರ ಕೋರ್ಟಿನಲ್ಲಿ ಒಂದು ಆಸೆ ಹುಟ್ಟಿತು. ತಂದೆ ಒಂದು ವರ್ಷ ತಪ್ಪದೆ ಬಂದು ನೋಡಿದರೆ, ಮನೆಯ ಬಳಿ ಭದ್ರತೆ ಮಾಡಿದರೆ, ಬೇಸಿಗೆ ರಜೆಯಲ್ಲಿ ಹದಿನೈದು ದಿನ ಮಗುವನ್ನು ಅವರ ಮನೆಗೆ ಕಳಿಸಬಹುದು ಎಂದು ಜಡ್ಜ್ ಹೇಳಿದರು. ಭಾವ ಅದೇ ವಾರ ಮನೆಗೂ ಕಾಲುವೆಗೂ ನಡುವೆ ಗೋಡೆ ಶುರು ಮಾಡಿದರು. ಗಾರೆ ಕೆಲಸದವರನ್ನು ಕರೆಯಲಿಲ್ಲ. ಕಲ್ಲು ಹೊತ್ತು ತಂದು ತಾವೇ ಕಟ್ಟಿದರು. ಪ್ರತಿ ಭಾನುವಾರ ಮಗಳನ್ನು ಎದುರಿಗೆ ನಿಲ್ಲಿಸಿ, “ಕೈ ಎತ್ತು,” ಎನ್ನುವರು. ಅವಳ ಬೆರಳ ತುದಿ ತಮ್ಮ ಅಂಗಿಯ ಎಷ್ಟನೇ ಗುಂಡಿಗೆ ಬರುತ್ತದೆ ಎಂದು ನೋಡಿಕೊಳ್ಳುವರು. ಗೋಡೆ ಅದಕ್ಕಿಂತ ಎತ್ತರ ಇರಬೇಕು.

“ಹಿಂಗೆ ಬೆಳೀತಾ ಹೋದ್ರೆ ನಾನು ಕಲ್ಲು ಎಲ್ಲಿಂದ ತರ್ಲೇ?”

“ನಾನು ಬಗ್ಗಿ ನಿಂತ್ಕತೀನಿ ಬಿಡು ಅಪ್ಪ.”

ಆ ವರ್ಷ ಅವರು ಬಹಳ ಸೊರಗಿದರು. ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡಿದ್ದರು. ಇನ್ನೊಂದು ಮದುವೆ ಮಾಡ್ಕೋ ಎಂದು ಊರಲ್ಲಿ ಹೇಳಿದವರ ಮನೆಗೆ ಹೋಗುವುದನ್ನು ಬಿಟ್ಟಿದ್ದರು. ಹದಿನೈದು ದಿನ ಯಾರೊಂದಿಗೂ ಆಡದ ಮಾತನ್ನು ಎರಡು ತಾಸಿನಲ್ಲಿ ಆಡುತ್ತಾರೆ ಎನಿಸುತ್ತಿತ್ತು.

ಕೋರ್ಟು ಹೇಳಿದ ಆ ಒಂದು ವರ್ಷದ ಹನ್ನೊಂದನೇ ತಿಂಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ಅವರ ಫೋನು ಬಂತು. ಹಿಂದೆ ಗದ್ದಲ ಕೇಳುತ್ತಿತ್ತು.

“ಮೇಲಿನ ಗದ್ದೆಯೋರು, ಕೆಳಗಿನ ಗದ್ದೆಯೋರು ಗೇಟಿನ ಹತ್ರ ಗುದ್ದಲಿ ಹಿಡ್ಕಂಡು ನಿಂತಾರೆ. ಈಗ ಬಿಟ್ಟು ಬಂದ್ರೆ ಹೊಡೆದಾಡ್ಕಂತಾರೆ. ಎಂಟರ ಬಸ್ಸಿಗೆ ಬರಾಕಾಗಲ್ಲ. ಮುಂದಿನದಕ್ಕೆ ಬರ್ತೀನಿ, ಹನ್ನೊಂದಾಗ್ತೈತೆ. ಮಗೂಗೆ ಹೇಳು.”

“ಆಯ್ತು ಭಾವ,” ಎಂದೆ.

ಅಕ್ಕನಿಗೆ ಮೆಲ್ಲಗೆ ಹೇಳಿದೆ. ಅವಳು ಮಗಳ ಜಡೆ ಹೆಣೆಯುತ್ತಿದ್ದಳು. “ವಕೀಲ್ರು ಅರ್ಧ ತಾಸು ಅಂದಾರೆ,” ಎಂದಳು. ಅಷ್ಟೇ.

ಹತ್ತೂವರೆಯಾಯಿತು. ಹತ್ತು ಮುಕ್ಕಾಲಾಯಿತು. ಮಗು ಬೇಸರದಿಂದ ನನ್ನ ಕೈ ಜಗ್ಗುತ್ತಿತ್ತು. ನ್ಯಾಮತಿ ಬಸ್ಸು ಎದುರಿಗೇ ನಿಂತಿತ್ತು. ಅಕ್ಕನ ಭಯವೋ, ನಿಯಮ ಪಾಲಿಸುತ್ತಿದ್ದೇನೆ ಎಂಬ ಸಮಾಧಾನವೋ, ಹತ್ತಿ ಕೂತೆ. ಮಗು ನನ್ನ ತೊಡೆಯ ಮೇಲೆ ತಲೆಯಿಟ್ಟಿತು. ಬಸ್ಸು ಸರ್ಕಲ್ಲಿಗೆ ತಿರುಗುವಾಗ ಭಾವ, ಸೇತುವೆ ಹತ್ತಿರವೇ ಬಸ್ಸಿಳಿದಿದ್ದರೋ ಏನೋ, ಆ ಕಡೆಯಿಂದ ಓಡಿ ಬರುತ್ತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಚಪ್ಪಲಿ ಕೈಯಲ್ಲಿತ್ತು, ಕಾಲ ತುಂಬ ಕೆಸರು. ಅವರ ಕಣ್ಣು ಪಾರ್ಕಿನ ಕಡೆ ಇತ್ತು, ಬಸ್ಸನ್ನು ನೋಡಲಿಲ್ಲ. ಕಂಡಕ್ಟರ್ ನನ್ನ ಪಕ್ಕದಲ್ಲೇ ಟಿಕೆಟ್ ಹರಿಯುತ್ತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಫೋನು ಅದುರತೊಡಗಿತು. ನ್ಯಾಮತಿ ಬರುವವರೆಗೆ ಬಿಟ್ಟು ಬಿಟ್ಟು ಅದುರುತ್ತಲೇ ಇತ್ತು.

ನೋಟ್‌ಬುಕ್ಕಿನಲ್ಲಿ ‘ಬರಲಿಲ್ಲ’ ಎಂದು ಬರೆದೆ.

ಮುಂದಿನ ಸಲ ಸಿಕ್ಕಾಗ, “ಫೋನು ಕೆಟ್ಟಿತ್ತಾ?” ಎಂದು ಕೇಳಿದರು. ಹೌದೆಂದೆ. “ಇರ್ಲಿ ಬಿಡು,” ಎಂದರು. ಆ ದಿನ ಅಮೀನ್ ಸಾಹೇಬ್ರು ಎನ್ನಲಿಲ್ಲ.

ಕೋರ್ಟಿನಲ್ಲಿ ಆ ಪುಟ ಓದಿದರು. ನನ್ನನ್ನು ಕೇಳಿದಾಗ, “ಆ ದಿನ ಬರಲಿಲ್ಲ,” ಎಂದೆ. ಭಾವನ ವಕೀಲರು ಅವರ ಭುಜ ತಟ್ಟಿ, ಫೋನ್ ಮಾಡಿದ್ದೆ, ಹನ್ನೊಂದಕ್ಕೆ ಬಂದೆ ಅಂತ ಹೇಳ್ರಿ ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಭಾವ ನನ್ನ ಕಡೆ ಒಮ್ಮೆ ನೋಡಿದರು. “ಹತ್ತಕ್ಕೆ ನನ್ನ ಪಾಳಿ ಇತ್ತು ಸ್ವಾಮಿ. ಹೊತ್ತಿಗೆ ನಾನಿರಲಿಲ್ಲ. ಬರೆದಿರೋದು ಸರಿ ಐತೆ,” ಎಂದರು.

ಈ ಬೇಸಿಗೆ ಬೇಡ, ಇನ್ನೂ ಆರು ತಿಂಗಳು ನೋಡೋಣ ಎಂದಾಯಿತು. ಹೊರಗೆ ವರಾಂಡದಲ್ಲಿ ಅವರ ವಕೀಲರು ಸಿಟ್ಟಾಗಿದ್ದರು. “ಏನ್ರೀ ನೀವು, ಇದೇನು ಭತ್ತದ ಗದ್ದೇನಾ? ಮಗು ಕಣ್ರೀ.”

“ಊರೋರಿಗೊಂದು, ನನಗೊಂದು ಮಾಡಾಕೆ ಬರಲ್ಲ ಸಾರ್,” ಎಂದರು ಭಾವ. ಹೇಳಿ ಮುಗಿಸುವಷ್ಟರಲ್ಲಿ ಗೋಡೆಗೆ ಕೈ ಕೊಟ್ಟು ನಿಂತರು.

ಬೇಸಿಗೆ ರಜೆಯ ಎರಡನೇ ವಾರ, ಮಗಳು ಅವರ ಮನೆಯಲ್ಲಿ ಇರಬೇಕಾಗಿದ್ದ ದಿನಗಳಲ್ಲಿ, ಗೇಟು ತಿರುಗಿಸುವಾಗ ಅವರಿಗೆ ಎದೆನೋವು ಬಂತು. ಚನ್ನಗಿರಿ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ನಲವತ್ತೊಂದು ವರ್ಷ. ನಾವು ಮೂವರೂ ಹೋದೆವು. ಗೋಡೆ ಮುಗಿದಿತ್ತು. ಮನೆಯ ಕಡೆ ಗಿಲಾವು ಮಾಡಿ ಸುಣ್ಣ ಬಳಿದಿದ್ದರು. ಮಗು ಅದರ ಬುಡದಲ್ಲಿ ನಿಂತು, “ಆ ಕಡೆ ಏನೈತೆ?” ಎಂದು ಕೇಳಿತು. ಅಕ್ಕ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಎರಡು ತಿಂಗಳ ನಂತರ ಹೊನ್ನಾಳಿಯಲ್ಲಿ ಹಣ್ಣಿನ ಚಾಚಾ ನನ್ನನ್ನು ನಿಲ್ಲಿಸಿದರು. ಸುದ್ದಿ ಕೇಳಿ ಕೈಯಲ್ಲಿದ್ದ ಹಣ್ಣನ್ನು ಗಾಡಿಯ ಮೇಲಿಟ್ಟರು. “ನೀವು ಒಂದ್ಸಲ ಬೇಗ ಹೋಗ್ಬಿಟ್ರಲ್ಲ, ಅವತ್ತು ನಿಮ್ಮ ಬಸ್ಸಿನ ಹಿಂದೇನೆ ಬಂದ್ರು. ಹೋದ್ರು ಅಂತ ಹೇಳ್ದೆ. ನಂಬಲಿಲ್ಲ. ನಮ್ಮ ಹುಡುಗ ಹಂಗೆ ಹೋಗಲ್ಲ, ಮಗೂಗೆ ಏನೋ ಕೊಡಿಸಾಕೆ ಹೋಗಿರ್ತಾನೆ, ಬರ್ತಾನೆ ಅಂದ್ರು. ಸಂಜೆ ತನಕ ಆ ಬೆಂಚಿನ ಮೇಲೇ ಇದ್ರು.”

ಆ ದಿನ ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಸರ್ಕಲ್ಲಿನಲ್ಲಿ ಕಂಡದ್ದು, ಫೋನು ಎತ್ತದೇ ಇದ್ದದ್ದು, ಎಲ್ಲ. ಅವಳು ಮಕ್ಕಳ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. ಪೆನ್ನು ಮುಚ್ಚಿಟ್ಟಳು.

“ಬಸ್ಸು ನಿಲ್ಸಾಕೆ ನಿನಗೇನಾಗಿತ್ತೋ?” ಎಂದಳು.

“ಅರ್ಧ ತಾಸು ಅಂತ ನೀನೇ ಅಂದಿದ್ದೆ.”

“ನಾನು ಅಂದೆ,” ಎಂದಳು. “ನಾನು ಅಂದಿದ್ದನ್ನೆಲ್ಲ ನಿನ್ ಭಾವ ಕೇಳ್ತಿರಲಿಲ್ಲ. ನೀನ್ಯಾಕೆ ಕೇಳ್ದೆ?” ಆಮೇಲೆ ಬಹಳ ದಿನ ನಾವಿಬ್ಬರೂ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದೆವು.

ಮಗುವಿಗೆ ಈಗ ಹತ್ತು ವರ್ಷ. ಹೋದ ತಿಂಗಳು ಬಾಗಿಲಲ್ಲಿ ಕೂತು ಪಕ್ಕದ ಮನೆಯ ಗೆಳತಿಗೆ ಅಪ್ಪನ ವಿಷಯ ಹೇಳುತ್ತಿದ್ದಳು. ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದದ್ದು, ಶೇಂಗಾ ಕೊಡಿಸುತ್ತಿದ್ದದ್ದು, ಎಲ್ಲ ನೆನಪಿದೆ. ಕೊನೆಗೆ, “ಒಂದ್ಸಲ ಮಾತ್ರ ಬರಲೇ ಇಲ್ಲ. ನಾನು ಕಾಯ್ತಾನೇ ಇದ್ದೆ,” ಎಂದಳು. ನಾನು ಒಳಗೆ ಅಂಗಿ ಇಸ್ತ್ರಿ ಮಾಡುತ್ತಿದ್ದೆ. ಹೊರಗೆ ಹೋಗಿ ಹೇಳಬೇಕೆಂದು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. ಬಾಗಿಲವರೆಗೆ ಹೋದೆ.

ಅಪ್ಪ ಅವತ್ತು ಬಂದಿದ್ದರು ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.