ಚಹಾ ಮುಟ್ಟದ ಕಂಪೌಂಡರರ ಮಾನಪತ್ರ

ಒಂದು ವಾರದಿಂದ ನಮ್ಮ ಪಡಸಾಲೆಯಲ್ಲಿ ಹೊಸ ಪಾಲಿಶಿನ ವಾಸನೆ. ಗೋಡೆಗೆ ಒರಗಿ ನಿಂತಿರುವ ಗಾಜಿನ ಚೌಕಟ್ಟಿನಿಂದ ಬರುವ ವಾಸನೆ ಅದು. ಚೌಕಟ್ಟಿನೊಳಗೆ ಬಂಗಾರದ ಬಣ್ಣದ ಬಳ್ಳಿಯ ಅಂಚು, ನಡುವೆ ನನ್ನ ಹೆಸರು, ಹೆಸರಿನ ಕೆಳಗೆ ನಾನೆಂದೂ ಕಂಡು ಕೇಳದ ನನ್ನ ಗುಣಗಳು. ಚಿಕ್ಕೋಡಿಯ ವಾಚನಾಲಯವೊಂದರವರು ನನಗೆ ಫೇಟಾ ಸುತ್ತಿ, ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಹಿಡಿಸಿ ಕೊಟ್ಟ ಮಾನಪತ್ರ ಅದು.

"ಎಲ್ಲಿ ಮೊಳಿ ಹೊಡೀಬೇಕು ಹೇಳ್ರಿ. ಹೋಗೂವಾಗ ಬರೂವಾಗ ಕಾಲಿಗೆ ಬಡೀತೈತಿ" ಎಂದು ಹೆಂಡತಿ ದಿನಾ ಕೇಳುತ್ತಾಳೆ. ನೋಡೋಣ ಎನ್ನುತ್ತೇನೆ. ನಿಮ್ಮ ಮುಂದೆ ಮುಚ್ಚಿಡುವುದೇನು, ಅದನ್ನು ತೂಗುಹಾಕಲು ನನಗೆ ಸಂಕೋಚ. ಅದರಲ್ಲಿರುವ ಒಂದು ಸಾಲನ್ನು ಬರೆದವನು ನಾನೇ. ಬರೆದದ್ದು ಮಾತ್ರ ನನ್ನ ಬಗ್ಗೆ ಅಲ್ಲ.

ಅದು ಎಂಬತ್ತರ ದಶಕದ ಕಥೆ. ಐನಾಪುರದಲ್ಲಿ ನಮ್ಮದು ದ್ರಾಕ್ಷಿ ತೋಟ. ಬಿ.ಎ. ಮುಗಿಸಿದ ನಾನು ಬರಹಗಾರನಾಗುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಆ ಕೆಲಸಾ ಕುಂತ ಮಾಡ್ತಾರೋ, ನಿಂತ ಮಾಡ್ತಾರೋ?" ಎಂದು ಕೇಳಿದ. ಕುಳಿತು ಮಾಡುತ್ತಾರೆ ಎಂದೆ. "ಹಂಗಾರ ನಿನಗ ಒಗ್ಗತೈತಿ ಬಿಡು" ಎಂದ. ಆದರೆ ಒಂದು ಕರಾರು ಹಾಕಿದ. ದಸರೆಯ ಆಸುಪಾಸಿನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿಯ ಕೆಲಸ ಶುರುವಾಗುವ ಹೊತ್ತಿಗೆ ಕಾಯಂ ನೌಕರಿ ಸಿಕ್ಕಿರಬೇಕು, ಇಲ್ಲದಿದ್ದರೆ ಸುಮ್ಮನೆ ಬಂದು ಕತ್ತರಿ ಹಿಡಿಯಬೇಕು.

ಈಗ ನೀವು, ಪತ್ರಿಕೆಯಲ್ಲಿ ಲೇಖನ ತಿದ್ದುವ ಸಂಪಾದನೆಯೂ ಬಳ್ಳಿಯ ಚಾಟ್ನಿಯೂ ಒಂದೇ ಎಂದು ಇವನು ಹೇಳುತ್ತಾನೆ ಎಂದು ಕಾಯುತ್ತಿರಬಹುದು. ಹೇಳುವುದಿಲ್ಲ. ಹಿಂದೊಮ್ಮೆ ಕಾಲೇಜೊಂದರ ಭಾಷಣದಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿ, ಮನೆಗೆ ಬಂದು ತಮ್ಮನ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. "ಕತ್ತರಿಸಿದ ಬಳ್ಳಿಗೆ ಹಣ್ಣ ಬರ್ತಾವು. ನೀ ಕತ್ತರಿಸಿದ ಲೇಖನಕ್ಕ ಏನ್ ಬಂತು?" ಎಂದು ಅವನು ಕೇಳಿದ ಮೇಲೆ ಆ ಹೋಲಿಕೆಯನ್ನು ಕೈಬಿಟ್ಟಿದ್ದೇನೆ.

ಅಥಣಿಯಲ್ಲಿ ಒಂದು ವಾರಪತ್ರಿಕೆ ಇತ್ತು. ಅದರ ಸಂಪಾದಕ, ಮಾಲೀಕ, ವರದಿಗಾರ ಎಲ್ಲ ಒಬ್ಬರೇ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಪತ್ರಿಕೆಯಿಂದ ಅವರ ಹೊಟ್ಟೆ ತುಂಬುತ್ತಿರಲಿಲ್ಲ. ಅದೇ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ಲಗ್ನಪತ್ರಿಕೆ, ಮಾನಪತ್ರಗಳು ಅವರನ್ನು ಸಾಕುತ್ತಿದ್ದವು. ನಮ್ಮ ಕಡೆ ಯಾರಾದರೂ ನಿವೃತ್ತರಾದರೆ, ಆರಿಸಿಬಂದರೆ, ವರ್ಗವಾಗಿ ಹೋದರೆ ಮಾನಪತ್ರ ಬೇಕೇ ಬೇಕು. ಅದನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಓದಬೇಕು, ಓದಿ ಮುಗಿಯುವ ತನಕ ಸತ್ಕಾರಮೂರ್ತಿ ಫೇಟಾ ಸುತ್ತಿಕೊಂಡು ನೆಲ ನೋಡುತ್ತ ನಿಂತಿರಬೇಕು. ಕಾಕಾ ನನ್ನನ್ನು ಪರೀಕ್ಷೆಗೆಂದು ಇಟ್ಟುಕೊಂಡು ಆ ವಿಭಾಗವನ್ನು ನನಗೆ ವಹಿಸಿದರು.

ನಾನು ಹಬ್ಬ ಮಾಡಿದೆ. ಕರ್ಮಯೋಗಿ, ಅಜಾತಶತ್ರು, ದೀನಬಂಧು, ಜ್ಞಾನಸೂರ್ಯ! ಊರಿನ ಲೆಕ್ಕ ಬರೆಯುವ ತಲಾಠಿಯೊಬ್ಬರನ್ನು ಹಿಮಾಲಯ ಎಂದೆ. ಅವರು ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದರು. ಜನ ಖುಷಿಯಾಗಿದ್ದರು, ನಾನಂತೂ ತೇಲಾಡುತ್ತಿದ್ದೆ. ಕನ್ನಡ ಸಾಹಿತ್ಯ ಇಷ್ಟು ವರ್ಷ ನನ್ನ ದಾರಿ ಕಾಯುತ್ತ ಕುಳಿತಿತ್ತು ಎಂದೇ ನಂಬಿದ್ದೆ.

ದಸರೆ ಹತ್ತಿರ ಬಂತು. ಆಗ ಅಲಖನೂರಿನಿಂದ ನಾಲ್ಕಾರು ಜನ ಬಂದರು. ಅಲ್ಲಿ ದನದ ದವಾಖಾನೆಯ ಕಂಪೌಂಡರ್ ಲಗಮಣ್ಣ ನಿವೃತ್ತರಾಗುವವರಿದ್ದರು. ಎಮ್ಮೆ, ಕುರಿ ಸಾಕುವ ಮನೆಗಳೆಲ್ಲ ಸೇರಿ ಸತ್ಕಾರ ಇಟ್ಟುಕೊಂಡಿದ್ದವು. ನಾನು ಅವರನ್ನು ನೋಡದೆಯೇ ಅರ್ಧ ತಾಸಿನಲ್ಲಿ 'ಮೂಕಪ್ರಾಣಿಗಳ ಕಣ್ಮಣಿ, ಕಾಮಧೇನುವಿನ ಕಿಂಕರ, ಕರುಣಾಸಾಗರ' ಎಂದು ಬರೆದು ಕಾಕಾನ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ತಮ್ಮಾ, ಇದರಾಗಿನ ದನಾ ತಗದ್ರ ಸಕ್ಕರಿ ಕಾರ್ಖಾನಿ ಚೇರಮನ್ನಗೂ ಓದಬಹುದಲ್ಲೋ."

"ಓದಬಹುದ್ರಿ" ಎಂದೆ, ಹೊಗಳಿದರೆಂದು ತಿಳಿದು.

"ಹಂಗಾರ ಇದು ಯಾರದೂ ಅಲ್ಲ. ಊರಿಗೆ ಹೋಗು. ಆ ಮನಷ್ಯಾಗ ಬಿಟ್ಟು ಬ್ಯಾರೆ ಯಾರಿಗೂ ಹೊಂದಬಾರದು, ಅಂಥಾದ್ದು ಒಂದ ಸಾಲು ಬರಕೊಂಡ ಬಾ. ತಂದಿ ಅಂದ್ರ ನೌಕರಿ ಕಾಯಂ. ಇಲ್ಲಂದ್ರ ನಿಮ್ಮಪ್ಪ ಕತ್ತರಿ ಮಸದ ಇಟ್ಟಾನ, ಅಲ್ಲಿಗೇ ಹೋಗು."

ಅಲಖನೂರಿನಲ್ಲಿ ಇಳಿದು ಕಂಡವರನ್ನೆಲ್ಲ ಕೇಳಿದೆ. "ದೇವರಂಥಾ ಮನಷ್ಯಾರಿ" ಎಂದರು. ಹೇಗೆ ದೇವರು ಎಂದರೆ, "ಭಾಳ ಚಲೋ ಮನಷ್ಯಾರಿ." ಹೇಗೆ ಚಲೋ ಎಂದರೆ, "ಏ, ದೇವರಂಥಾ ಮನಷ್ಯಾ ತಗೋರಿ." ನನ್ನ ಮಾನಪತ್ರಗಳ ಚಟ ಊರಿಗೇ ಹತ್ತಿತ್ತೋ, ಊರಿನ ಚಟ ನನಗೆ ಹತ್ತಿತ್ತೋ ತಿಳಿಯಲಿಲ್ಲ. ಸ್ವತಃ ಲಗಮಣ್ಣನನ್ನೇ ಹಿಡಿದು ನಿಮ್ಮ ಜೀವನದ ಸಂದೇಶವೇನು ಎಂದು ಕೇಳಿದೆ. ಅವರು ನನ್ನ ಹೊಸ ಬೂಟು ನೋಡಿ, "ಆ ಕಡೆ ಸೆಗಣಿ ಐತ್ರಿ, ಹುಷಾರ" ಎಂದು ನಡೆದೇಬಿಟ್ಟರು. ಒಂದು ಕೊಟ್ಟಿಗೆಯಲ್ಲಿ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ನಾನೂ ಹಿಂದೆ ಹೋದೆ.

ಅವರು ಅಂಗಿ ಕಳಚಿ ಎಮ್ಮೆಯ ಹಿಂದೆ ಮಂಡಿಯೂರಿದರು. ನಾನು ಬಾಗಿಲಲ್ಲಿ ಪೆನ್ನು ಹಿಡಿದು ನಿಂತೆ. ಮನೆಯಾಕೆ ಚಹಾದ ಎರಡು ಕಪ್ಪು ತಂದು ಗೋಡೆಯ ಗೂಡಿನಲ್ಲಿಟ್ಟಳು. ನನ್ನದನ್ನು ಕುಡಿದೆ. ಹೊತ್ತು ಹೋಯಿತು. ಕರು ಹೊರಬಂತು, ನೆಲದ ಮೇಲೆ ಒದ್ದೆ ಚೀಲದಂತೆ ಬಿದ್ದಿತು. ಲಗಮಣ್ಣ ಒಣ ಹುಲ್ಲಿನಿಂದ ಅದರ ಮೈ ತಿಕ್ಕುತ್ತಲೇ ಇದ್ದರು. ಗೂಡಿನ ಚಹಾ ಆರಿ ಕೆನೆಗಟ್ಟಿತು. ಹಾಳಾಗುತ್ತದಲ್ಲ ಎಂದು, ಉಳಿತಾಯದ ಒಂದೇ ಉದ್ದೇಶದಿಂದ, ಅದನ್ನೂ ಎತ್ತಿ ಕುಡಿದುಬಿಟ್ಟೆ.

ಮನೆಯಾಕೆ ಖಾಲಿ ಕಪ್ಪು ನೋಡಿದಳು. "ಅದು ಅವರದಿತ್ರಿ" ಎಂದಳು.

"ಅವರು ಕುಡೀಲಿಲ್ಲಲ್ರಿ."

"ಕರಾ ಎದ್ದ ನಿಂದ್ರೂತನಕಾ ಅವರು ಚಾ ಮುಟ್ಟೂದಿಲ್ರಿ. ಕರಾ ಇನ್ನಾ ಹಾಲ ಕುಡದಿಲ್ಲ, ಅದರ ಹಾಲಿನ ಚಾ ನಾ ಹೆಂಗ ಕುಡೀಲಿ ಅಂತಾರ. ನಾ ಬ್ಯಾರೆ ಎಮ್ಮಿ ಹಾಲ ಹಾಕೇನ್ರಿ ಅಂದ್ರೂ ಕೇಳೂದಿಲ್ಲ."

ಅಷ್ಟರಲ್ಲಿ ಕರು ಎದ್ದಿತು, ಬಿದ್ದಿತು, ಮತ್ತೆ ಎದ್ದು ತಾಯಿಯ ಕೆಚ್ಚಲು ಹುಡುಕಿತು. ಲಗಮಣ್ಣ ಕೈ ತೊಳೆದುಕೊಂಡು ಗೂಡಿನ ಕಡೆ ತಿರುಗಿದರು. ಎರಡು ಖಾಲಿ ಕಪ್ಪು, ಪಕ್ಕದಲ್ಲಿ ಸಾಹಿತಿ. ಅವರು ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆದರೆ ಸಾಲು ಸಿಕ್ಕಿತ್ತು.

'ಕರು ಎದ್ದು ನಿಲ್ಲುವ ತನಕ ಇವರು ಚಹಾ ಮುಟ್ಟುವುದಿಲ್ಲ.' ಕಾಕಾ ಅದನ್ನು ಎರಡು ಸಲ ಓದಿದರು. ಆಮೇಲೆ ಉಳಿದ ಸಾಲುಗಳನ್ನೆಲ್ಲ ನೀಲಿ ಪೆನ್ಸಿಲಿನಿಂದ ಹೊಡೆದುಹಾಕಿ, "ನಾಳಿಂದ ಕಾಯಂ" ಎಂದರು. ಆದರೆ ಸತ್ಕಾರ ಸಮಿತಿಯವರು ಒಪ್ಪಲಿಲ್ಲ. "ಒಂದ ಸಾಲಿದ್ರ ಫ್ರೇಮ್ ಖಾಲಿ ಕಾಣ್ತೈತ್ರಿ" ಎಂದು ಹಟ ಹಿಡಿದು ಕರುಣಾಸಾಗರನನ್ನೂ ಕಾಮಧೇನುವಿನ ಕಿಂಕರನನ್ನೂ ವಾಪಸು ಹಾಕಿಸಿದರು. ಸತ್ಕಾರದ ದಿನ ಆ ಸಾಲು ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಲಗಮಣ್ಣ ಫೇಟಾದ ಕೆಳಗೆ ನೆಲ ನೋಡುವುದನ್ನು ಬಿಟ್ಟು ನನ್ನ ಕಡೆ ನೋಡಿದರು.

ಅಲ್ಲಿಂದ ಮುಂದೆ ನಡೆದದ್ದೇ ತಮಾಷೆ. ಆ ಸಾಲು ಎಲ್ಲರಿಗೂ ಇಷ್ಟವಾಯಿತು, ಎಲ್ಲರೂ ಅದನ್ನೇ ಕೇಳಿದರು. ರಾಯಬಾಗದ ಒಬ್ಬ ಹೆಡ್‌ಮಾಸ್ತರರಿಗೆ ಹಾಕಿದರು. ಶೇಡಬಾಳದ ಸೊಸೈಟಿ ಸೆಕ್ರೆಟರಿಗೆ ಹಾಕಿದರು. ನಿಪ್ಪಾಣಿಯಲ್ಲಿ ಮರಾಠಿಗೆ ತಿರುಗಿಸಿ ತಂಬಾಕು ವ್ಯಾಪಾರಿಯೊಬ್ಬರಿಗೆ ಓದಿದರು. ತೊಂಬತ್ತರ ದಶಕ ಬರುವಷ್ಟರಲ್ಲಿ ನಮ್ಮ ಭಾಗದ ಗಣ್ಯರೆಲ್ಲ ಕರುಗಳಿಗಾಗಿ ಚಹಾ ಬಿಟ್ಟವರೇ ಆಗಿದ್ದರು. ಬೇರೆ ಯಾರಿಗೂ ಹೊಂದಬಾರದು ಎಂದು ಬರೆದದ್ದು ಎಲ್ಲರಿಗೂ ಹೊಂದಿಬಿಟ್ಟಿತು. ಮೊದಮೊದಲು ನನಗೆ ಹೆಮ್ಮೆಯೇ. ಮುಂದೆ ಶೀರ್ಷಿಕೆ ಕೊಡುವುದು ಕಲಿತೆ, ಕರಡು ತಿದ್ದುವುದು ಕಲಿತೆ, ಕವಿಗಳಿಗೆ ನೋವಾಗದಂತೆ ಕವಿತೆ ವಾಪಸು ಕಳಿಸುವುದು ಕಲಿತೆ. ನನ್ನವೇ ಪುಸ್ತಕಗಳೂ ಬಂದವು. ಕೊಂಡವರಿಗಿಂತ ಗೌರವಪ್ರತಿ ಪಡೆದವರೇ ಹೆಚ್ಚು. ಅಂಥ ಇನ್ನೊಂದು ಸಾಲು ಮಾತ್ರ ಬರೆಯಲಾಗಲಿಲ್ಲ.

ಹೋದ ವಾರ ಚಿಕ್ಕೋಡಿಯಲ್ಲಿ ನಾನು ನೆಲ ನೋಡುತ್ತ ನಿಂತಿದ್ದಾಗ, ಯುವಕರೊಬ್ಬರು ಓದಿದ ನನ್ನ ಮಾನಪತ್ರದಲ್ಲಿ 'ಸರಸ್ವತೀಪುತ್ರ' ಎಂಬ ಬಿರುದಿನ ಹಿಂದೆಯೇ ಬಂತು: ಕರು ಎದ್ದು ನಿಲ್ಲುವ ತನಕ ಇವರು ಚಹಾ ಮುಟ್ಟುವುದಿಲ್ಲ. ಸಭೆ ಚಪ್ಪಾಳೆ ತಟ್ಟಿತು. ವೇದಿಕೆ ಏರುವ ಮುಂಚೆ ನಾನು ಎರಡು ಕಪ್ಪು ಕುಡಿದು, ಮೂರನೆಯದು ಸಿಗಬಹುದೇ ಎಂದು ಕೇಳಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಹತ್ತಿರ ಬಂದರು. "ನಾ ಲಗಮಣ್ಣ ಕಂಪೌಂಡರ್ ಮಗಳ್ರಿ, ಕಮಲಾ. ಚಿಕ್ಕೋಡಿಗೆ ಕೊಟ್ಟಾರ. ಈಗ ಓದಿದ್ರಲ್ರಿ, ಅದು ನಮ್ಮಪ್ಪಂದು."

ನಾನು ಫೇಟಾ ತೆಗೆದು ಕೈಯಲ್ಲಿ ಹಿಡಿದೆ. ಅವರು ಸಿಟ್ಟಾಗಿರಲಿಲ್ಲ.

"ನಮ್ಮ ಮನ್ಯಾಗಿನ ಮಾನಪತ್ರ ಒರಲಿ ಹುಳ ತಿಂದ ಹೋತ್ರಿ. ಅಪ್ಪನ ಫೋಟೋನೂ ಒಂದ ಚಲೋದಿಲ್ಲ. ಈಗ ಆ ಮಾತ ಕೇಳಿದ್ನಿ, ಅಪ್ಪ ಬಾಜೂಕ ಬಂದ ಕುಂತಂಗಾತು. ಅದರದೊಂದು ಝೆರಾಕ್ಸ್ ಸಿಗತೈತೇನ್ರಿ? ಮ್ಯಾಲಿನ ಹೆಸರ ನಾ ಕೈಲೆ ಮುಚ್ಚಕೊಂಡ ಓದತೀನಿ."

ಅಪ್ಪನ ಬಗ್ಗೆ ಉಳಿದ ಒಂದೇ ಮಾತನ್ನು ಓದಲು ಆಕೆ ನನ್ನ ಹೆಸರನ್ನು ಮುಚ್ಚಿಕೊಳ್ಳಬೇಕು. ಆ ಮಾತು ವಾರವಿಡೀ ನನ್ನನ್ನು ಬಿಡಲಿಲ್ಲ. ಚೌಕಟ್ಟಿನ ಎದುರು ಹೋದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಇವತ್ತು ಬೆಳಗ್ಗೆ ಹಿಂಬದಿಯ ಮೊಳೆ ಕಿತ್ತು ಹಾಳೆಯನ್ನು ಹೊರಗೆಳೆದೆ. ನೀಲಿ ಪೆನ್ಸಿಲು ಹುಡುಕಿ ತಂದು ಮೊದಲು ನನ್ನ ಹೆಸರು ಹೊಡೆದೆ. ಕರ್ಮಯೋಗಿಯನ್ನು ಹೊಡೆದೆ. ಸರಸ್ವತೀಪುತ್ರನನ್ನು ಹೊಡೆಯುವಾಗ ಕೈ ಒಂದು ಗಳಿಗೆ ತಡೆಯಿತು. ಏನೇ ಆಗಲಿ ಒಳ್ಳೆಯ ಶಬ್ದ. ಅದನ್ನೂ ಹೊಡೆದೆ. ಉಳಿದದ್ದು ಒಂದು ಸಾಲು. ಹಾಳೆ ಮಗುಚಿ, ಬಿಳಿಯ ಬದಿಯಲ್ಲಿ ಮೇಲೆ ಲಗಮಣ್ಣನವರ ಹೆಸರು, ಕೆಳಗೆ ಆ ಸಾಲು, ನನ್ನ ಕೈಲಾದಷ್ಟು ದುಂಡಗೆ ಬರೆದೆ. ವಯಸ್ಸಾದ ಕೈ, ಹೊತ್ತು ಹಿಡಿಯಿತು. ಮತ್ತೆ ಚೌಕಟ್ಟಿಗೆ ಕೂಡಿಸಿ ಗಾಜು ಒರೆಸಿ ನಿಲ್ಲಿಸಿದೆ.

ಹೆಂಡತಿ ಬಂದು ನೋಡಿದಳು. "ಇಷ್ಟನಾ? ಖಾಲಿ ಕಾಣ್ತೈತಲ್ರಿ."

"ಕಾಣಲಿ ಬಿಡು. ಮಧ್ಯಾಹ್ನದ ಬಸ್ಸಿಗೆ ಚಿಕ್ಕೋಡಿಗೆ ಹೋಗಿ ಕೊಟ್ಟು ಬರ್ತೀನಿ."

ಅವಳು ನನ್ನ ಪಕ್ಕದ ಸ್ಟೂಲಿನ ಕಡೆ ನೋಡಿ, "ಏನಾಗೇತ್ರಿ ಇವತ್ತ ನಿಮಗ?" ಎಂದಳು. "ಆಗಳೇ ಇಟ್ಟ ಹೋಗೇನಿ. ಚಾ ಹಂಗ ಐತಿ."