ಕಪ್ಪು ಬಟ್ಟೆಯ ದೀಪಾವಳಿ

ಸೋಮವಾರ ಬೆಳಿಗ್ಗೆ ನನ್ನ ಮಗಳು ರಾತ್ರಿ ಮಲಗಿದ್ದ ಬಟ್ಟೆಯಲ್ಲೇ ಹೈಸ್ಕೂಲಿಗೆ ಹೊರಟು ನಿಂತಳು. ಮೈತುಂಬಾ ಬಾತುಕೋಳಿ ಚಿತ್ರಗಳಿರುವ ಪೈಜಾಮ, ಕಾಲಿಗೆ ಮನೆಯೊಳಗಿನ ಚಪ್ಪಲಿ, ಬಾಚದ ತಲೆ.

"ಏನೇ ಇದು ಅವತಾರ? ಹುಷಾರಿಲ್ವಾ?"

"ಅಮ್ಮಾ, ಇವತ್ತು ಪೈಜಾಮಾ ಡೇ. ಎಲ್ಲರೂ ಹಾಕ್ತಾರೆ. ಪ್ಲೀಸ್, ಬಸ್ ಮಿಸ್ ಆಗತ್ತೆ!"

ನಾನು ಓದಿದ ಮೈಸೂರಿನ ಹೈಸ್ಕೂಲಿನಲ್ಲಿ ಜಡೆಯ ರಿಬ್ಬನ್ನಿನ ಬಣ್ಣ ತಪ್ಪಿದರೆ ಪಿ.ಟಿ. ಮೇಡಂ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು. ಇಲ್ಲಿ ಅಮೆರಿಕದಲ್ಲಿ ಮೇಷ್ಟ್ರುಗಳೇ ಪೈಜಾಮ ಹಾಕಿಕೊಂಡು ಪಾಠ ಮಾಡಿದರಂತೆ! ಶಾಲೆಯ ಹುಮ್ಮಸ್ಸು ತೋರಿಸುವ ಈ ವಾರಕ್ಕೆ ಸ್ಪಿರಿಟ್ ವೀಕ್ ಎಂದು ಹೆಸರು. ವಾರವಿಡೀ ದಿನಕ್ಕೊಂದು ವೇಷ. ಶುಕ್ರವಾರ ಹೋಮ್‌ಕಮಿಂಗ್, ಅಂದರೆ ಓದಿ ಬಿಟ್ಟುಹೋದವರು ಹಳೆಯ ಶಾಲೆಗೆ ಮರಳಿ ಬರುವ ಹಬ್ಬ. ಸಂಜೆ ಫುಟ್‌ಬಾಲ್ ಮ್ಯಾಚು, ಮರುದಿನ ಡಾನ್ಸು.

ಮರಳಿ ಬರುವವರ ಸಂಭ್ರಮ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಮ್ಮ ಯಜಮಾನರ ಪ್ರಾಜೆಕ್ಟು ಬದಲಾಗಿ, ಆ ಬೇಸಿಗೆಯಲ್ಲಷ್ಟೇ ಜಾರ್ಜಿಯಾದ ನಾರ್‌ಕ್ರಾಸಿನಿಂದ ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗಿಗೆ ಗಂಟುಮೂಟೆ ಕಟ್ಟಿದ್ದೆವು. ನಾರ್‌ಕ್ರಾಸಿನಲ್ಲಿ ಹತ್ತು ನಿಮಿಷ ಡ್ರೈವ್ ಮಾಡಿದರೆ ಇಂಡಿಯನ್ ಅಂಗಡಿಯಲ್ಲಿ ಹುರುಳಿಕಾಯಿ ಮುರಿದು ನೋಡುತ್ತಾ ಕನ್ನಡದಲ್ಲಿ ಹರಟೆ ಹೊಡೆಯಲು ನಾಲ್ಕು ಜನ ಸಿಗುತ್ತಿದ್ದರು. ಇಲ್ಲಿ ಒಂದೇ ಅಚ್ಚಿನ ಮನೆಗಳ ಸಾಲು. ಒಮ್ಮೆ ನಮ್ಮ ಮನೆಯೆಂದುಕೊಂಡು ಪಕ್ಕದವರ ಬಾಗಿಲಿಗೆ ಕೀಲಿ ಹಾಕಿ ತಿರುಗಿಸಿದ್ದೇನೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ದಿನಾ ಇವರ ತಲೆ ತಿಂದೆ. ಕೊನೆಗೆ ಇವರು, "ಆಯ್ತು ಮಾರಾಯ್ತಿ, ಟ್ರಾನ್ಸ್‌ಫರ್‌ಗೆ ಅಪ್ಲೈ ಮಾಡಿದೀನಿ. ವಾಪಸ್ ನಾರ್‌ಕ್ರಾಸ್‌ಗೇ. ಇನ್ನಾದ್ರೂ ನಿದ್ದೆ ಮಾಡು," ಎಂದರು. ಮಗಳು ಅನಘಾಗೆ ಹೇಳಿರಲಿಲ್ಲ.

ಹೋಮ್‌ಕಮಿಂಗ್ ಎಂದರೆ ನಮ್ಮ ಸ್ಕೂಲ್ ಡೇ ತರಹ ಎಂದುಕೊಂಡು ಮೈಸೂರು ಸಿಲ್ಕ್ ಉಟ್ಟು ಹೋದೆ. ಸ್ವಾಗತ ಭಾಷಣವಿಲ್ಲ, ಹಾರವಿಲ್ಲ, ಮುಖ್ಯ ಅತಿಥಿಗಳಿಲ್ಲ. ಬಯಲಿನಲ್ಲಿ ತಗಡಿನ ಬೆಂಚು, ಮೇಲೆ ಕಂಬಳಿ ಹೊದ್ದ ಜನ. ಗಡಗಡ ನಡುಗಿದೆ. ಆದರೆ ಚಳಿಗಿಂತ ಬೇರೆಯದೊಂದು ನನ್ನನ್ನು ಕೊರೆಯಿತು. ಎಲ್ಲ ಮಕ್ಕಳೂ ಗುಂಪುಗುಂಪಾಗಿ ಕಿರುಚುತ್ತಿದ್ದರೆ ಅನಘಾ ಬೇಲಿಯ ಪಕ್ಕ ಒಬ್ಬಳೇ ನಿಂತು, ಯಾರಿಗೋ ಕಾಯುತ್ತಿರುವವಳಂತೆ ಫೋನ್ ನೋಡುತ್ತಿದ್ದಳು. ಅವಳು ಯಾರಿಗೂ ಕಾಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ವಾಪಸ್ ಹೋಗುವುದೇ ಸರಿ ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಮರುದಿನ ಇವರು ನನಗೊಂದು ಉಣ್ಣೆಯ ಕೋಟು ಕೊಡಿಸಿದರು. ಮೊಣಕಾಲಿನವರೆಗೂ ಕಡುಕಪ್ಪು. "ಬೇರೆ ಬಣ್ಣವೇ ಸಿಗಲಿಲ್ವಾ?" ಎಂದು ಗೊಣಗಿಕೊಂಡೇ ಹಾಕಿಕೊಂಡೆ.

ಅದಾಗಿ ಒಂದು ವಾರಕ್ಕೆ ಅನಘಾ ಓಡಿಬಂದು, "ಅಮ್ಮಾ, ನಾನು ಸ್ಕೂಲ್ ಡ್ರಾಮಾದಲ್ಲಿದೀನಿ!" ಎಂದಳು. ಯಾವ ಪಾತ್ರ ಎಂದು ಕೇಳುವ ತಾಳ್ಮೆ ನನಗೆಲ್ಲಿ? ಇಲ್ಲಿ ಪರಿಚಯವಾಗಿದ್ದ ಆರೂ ಕನ್ನಡದ ಮನೆಗಳಿಗೆ ಫೋನ್ ಮಾಡಿ ಡಂಗುರ ಸಾರಿದೆ. ಮೊದಲ ಪ್ರದರ್ಶನ ದೀಪಾವಳಿಯ ದಿನವೇ ಬಿದ್ದಿತ್ತು. ಎಲ್ಲರೂ ಬರುತ್ತೇವೆಂದರು. ಅಂದಿನಿಂದ ಮಗಳು ನಾಟಕದ ತಾಲೀಮು ಮುಗಿಸಿ ದಿನಾ ಸಂಜೆ ಏಳಕ್ಕೆ ಬರುತ್ತಿದ್ದಳು, ನಗುತ್ತಾ ಬರುತ್ತಿದ್ದಳು. ನಾನದನ್ನು ಗಮನಿಸಬೇಕಿತ್ತು.

ಹಬ್ಬದ ಬೆಳಿಗ್ಗೆ ಅವಳ ಬ್ಯಾಗಿನಲ್ಲಿ ಕಪ್ಪು ಟೀ ಶರ್ಟು ಕಂಡಿತು. ಶಿವಶಿವಾ, ದೀಪಾವಳಿಗೆ ಕಪ್ಪೇ? ಸದ್ದಿಲ್ಲದೆ ಅದನ್ನು ತೆಗೆದು ಜರಿಯಂಚಿನ ಮರೂನ್ ಕುರ್ತಾ ಇಟ್ಟೆ. ಮಧ್ಯಾಹ್ನ ಇವರ ಫೋನು ಬಂತು. ಟ್ರಾನ್ಸ್‌ಫರ್ ಆಗಿದೆ, ಜನವರಿಗೆ ನಾರ್‌ಕ್ರಾಸು, ಸೋಮವಾರ ಒಪ್ಪಿಗೆ ಕೊಟ್ಟರಾಯಿತು. ಆ ಖುಷಿಗೆ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಸುರಿದೆ. ನಾಟಕ ಮುಗಿದ ಮೇಲೆ ಮಗಳಿಗೆ ಹೇಳೋಣವೆಂದುಕೊಂಡೆ.

ಸಂಜೆ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಆರೂ ಮನೆಯವರ ಜೊತೆ ನಿಂತಿದ್ದಾಗ ಅವಳ ಕರೆ ಬಂತು.

"ಅಮ್ಮಾ, ನನ್ ಬ್ಲ್ಯಾಕ್ ಶರ್ಟ್ ನೀನು ತೆಗೆದ್ಯಾ?"

"ಹಬ್ಬದ ದಿನ ಕಪ್ಪು ಹಾಕ್ಬಾರ್ದು ಪುಟ್ಟೀ. ಕುರ್ತಾ ಇಟ್ಟಿದೀನಲ್ಲ, ಸ್ಟೇಜ್ ಮೇಲೆ ಎಷ್ಟು ಲಕ್ಷಣವಾಗಿ ಕಾಣ್ತೀಯ ಗೊತ್ತಾ?"

"ನಾನು ಕಾಣ್ಬಾರ್ದು ಅಮ್ಮಾ!" ಅವಳು ಅಳುತ್ತಿದ್ದಳು. "ನಾನು ಆಕ್ಟ್ ಮಾಡಲ್ಲ. ಲೈಟ್ ಆಫ್ ಆದಾಗ ನಾವು ನಾಲ್ಕು ಜನ ಫರ್ನಿಚರ್ ಇಡ್ತೀವಿ. ಬ್ಲ್ಯಾಕ್ ಇಲ್ದಿದ್ರೆ ನನ್ನನ್ನ ಆಡಿಯನ್ಸ್ ಜೊತೆ ಕೂರಿಸ್ತಾರೆ. ದೇ ನೀಡ್ ಮಿ, ಅಮ್ಮಾ."

ನಾಚಿಕೆಯಿಂದ ಮುಖ ಬಿಸಿಯಾಯಿತು. ಮನೆಗೆ ಹೋಗಿ ಬರಲು ಸಮಯವಿರಲಿಲ್ಲ. ಮೈಮೇಲಿದ್ದ ಕೋಟು ಬಿಚ್ಚಿ, ಸೀರೆ ಎತ್ತಿ ಹಿಡಿದು ಹಿಂಬಾಗಿಲಿಗೆ ಓಡಿದೆ. ಅವಳು ಕುರ್ತಾದ ಮೇಲೆ ಕೋಟು ಹಾಕಿ, ಗಲ್ಲದವರೆಗೂ ಗುಂಡಿ ತೊಟ್ಟು ಒಳಗೆ ಓಡಿದಳು.

ನಾಟಕ ಶುರುವಾಗಿ ಅರ್ಧ ಗಂಟೆಯಾಗಿತ್ತು. "ಎಲ್ರೀ ನಿಮ್ಮ ಅನಘಾ?" ಎಂದು ಆರು ಮನೆಯವರಲ್ಲೊಬ್ಬರಾದ, ಪಕ್ಕದಲ್ಲಿ ಕೂತಿದ್ದ ಪದ್ಮಾ ತಿವಿದರು. ಅಷ್ಟರಲ್ಲಿ ದೀಪ ಆರಿತು. ಕಣ್ಣು ಕಿರಿದು ಮಾಡಿ ನೋಡಿದೆ. ಸ್ಟೇಜಿನ ನೆಲದ ಮೇಲೆ, ಏನನ್ನು ಎಲ್ಲಿಡಬೇಕೆಂಬ ಗುರುತಿಗೆ ಅಂಟಿಸಿದ, ಮಿಣಮಿಣ ಹೊಳೆಯುವ ಟೇಪಿನ ಚೂರುಗಳು. ನಾಲ್ಕು ನೆರಳುಗಳು ಒಂದು ಸೋಫಾ ಎತ್ತಿ ತಂದವು. ಒಂದರ ಮೊಣಕಾಲಿಗೆ ನನ್ನ ಕೋಟು ಬಡಿಯುತ್ತಿತ್ತು. ಸರಿಯಾಗಿ ಟೇಪಿನ ಮೇಲೆ ಸೋಫಾ ಕೂತಿತು, ಸದ್ದೇ ಇಲ್ಲ. ದೀಪ ಬಂದಾಗ ಯಾರೂ ಇರಲಿಲ್ಲ.

"ಆ ಸೋಫಾ ಇಟ್ಟಿದ್ದು ನನ್ನ ಮಗಳು," ಎಂದೆ.

"ಅಯ್ಯೋ, ಕಾಣಿಸ್ಲೇ ಇಲ್ಲ ಕಣ್ರೀ!"

"ಹಾಗಾದ್ರೆ ಚೆನ್ನಾಗಿ ಮಾಡಿದಾಳೆ ಬಿಡಿ."

ಮುಗಿದ ಮೇಲೆ ಹೊರಗೆ ಕಾಯುತ್ತಿದ್ದೆವು. ಕಪ್ಪು ಬಟ್ಟೆಯ ನಾಲ್ಕು ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಬಂದರು. ಮಧ್ಯದಲ್ಲಿ ಅನಘಾ, ಕೋಟಿನೊಳಗೆ ಬೆವೆತು, ಬಾಯ್ತುಂಬ ನಗುತ್ತಾ.

ಕಾರಿನಲ್ಲಿ ಹಿಂದೆ ಕೂತು, "ನಾಳೆ ನನ್ ಶರ್ಟ್ ಮುಟ್ಬೇಡ," ಎಂದಳು. ಆಮೇಲೆ ಮೆತ್ತಗೆ, "ಅಮ್ಮಾ, ಕಾಲೇಜ್‌ಗೆ ಹೋದ್ಮೇಲೂ ನಾವು ನಾಲ್ಕು ಜನ ಹೋಮ್‌ಕಮಿಂಗ್‌ಗೆ ಇಲ್ಲಿಗೇ ವಾಪಸ್ ಬರ್ತೀವಿ. ಪ್ರಾಮಿಸ್ ಮಾಡಿದೀವಿ," ಎಂದಳು.

ಇವರು ಸ್ಟೀರಿಂಗ್ ಹಿಡಿದುಕೊಂಡೇ ನನ್ನ ಕಡೆ ನೋಡಿದರು. ನಾರ್‌ಕ್ರಾಸಿನ ಅಂಗಡಿ, ಹುರುಳಿಕಾಯಿಯ ಬುಟ್ಟಿ, ಅಲ್ಲಿಯ ಗೆಳತಿಯರ ಮುಖ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಳು ಒತ್ತರಿಸಿ ಬಂತು. ಮಗಳಿಗೆ ಮರಳಿ ಬರಲು ಒಂದು ಊರು ಸಿಕ್ಕಿತ್ತು. ಅದು ನನ್ನ ಊರಲ್ಲ.

"ಸೋಮವಾರ ಆಫೀಸಲ್ಲಿ ಬೇಡ ಅಂತ ಹೇಳ್ಬಿಡಿ," ಎಂದೆ.

"ಏನು ಬೇಡ?" ಎಂದು ಹಿಂದಿನಿಂದ ಕೇಳಿದಳು.

"ಏನಿಲ್ಲ ಪುಟ್ಟೀ."

ರೇಷ್ಮೆ ಸೀರೆಯಲ್ಲಿ ಚಳಿಯಾಗುತ್ತಿತ್ತು. ಕೋಟು ವಾಪಸ್ ಕೊಡು ಎಂದು ಕೇಳಲಿಲ್ಲ.