ಎಲ್ಲರ ಕೈ ನಿಂತಾಗ

ಕೊರೋನಾ ಕಳೆದು ಕಾರ್ಯಕ್ರಮಗಳು ಮತ್ತೆ ಶುರುವಾದ ವರ್ಷ ಅದು. ಆಗ ನಾನು ಬೆಂಗಳೂರಿನ ಹೆಸರಾಂತ ರಾಕ್ ಬ್ಯಾಂಡ್ ಒಂದರಲ್ಲಿ ಡ್ರಮ್ಮರ್. ಹೆಸರು ಬ್ಯಾಂಡಿನದು, ಹಿಂದೆ ಕೂತು ಬಾರಿಸುವವನ ಮುಖ ಯಾರಿಗೂ ನೆನಪಿರುವುದಿಲ್ಲ ಬಿಡಿ. ವರ್ಷಗಟ್ಟಲೆ ಆ ಸದ್ದಿನ ನಡುವೆ ಕೂತು ನನ್ನ ಎರಡೂ ಕಿವಿ ಮಂದವಾಗಿದ್ದವು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಜಾಗದಲ್ಲಿ ಇನ್ನೊಬ್ಬ ಬಂದು ಕೂರುತ್ತಿದ್ದ. ಗಾಯಕನ ಭುಜ, ಗಿಟಾರಿನವನ ಕೈ ನೋಡಿಕೊಂಡು ಹೇಗೋ ಸಂಭಾಳಿಸುತ್ತಿದ್ದೆ. ಬಾರಿಸಿದ್ದಕ್ಕಿಂತ ಕೇಳಿಸಿದಂತೆ ನಟಿಸಿದ್ದಕ್ಕೇ ಹೆಚ್ಚು ಸುಸ್ತಾಗುತ್ತಿತ್ತು.

ಒಂದು ಸಂಜೆ ಕನಕಪುರದ ಕಾಲೇಜೊಂದರಲ್ಲಿ ನಮ್ಮ ಕಾರ್ಯಕ್ರಮ. ರಾಮನಗರದಿಂದ ಅಪ್ಪ ಬಸ್ಸು ಹತ್ತಿ ಬಂದಿದ್ದರು, ಅದೇ ಮೊದಲ ಸಲ. ರೇಷ್ಮೆ ದಾರ ಹುರಿ ಮಾಡುವ ಕಾರ್ಖಾನೆಯಲ್ಲಿ ದುಡಿದು ಅವರ ಕಿವಿ ಎಂದೋ ಹೋಗಿತ್ತು. ಕೇಳದಿದ್ದರೇನು, ಕಣ್ಣಲ್ಲಿ ನೋಡಿ ಬರುತ್ತೇನೆಂದು ಹಟ ಹಿಡಿದಿದ್ದರಂತೆ.

ಕೊನೆಯ ಹಾಡಿಗೆ ವೇದಿಕೆ ತುಂಬ ಹೊಗೆ ಬಿಟ್ಟರು. ನನಗೆ ಮುಂದಿದ್ದವರು ಯಾರೂ ಕಾಣಲಿಲ್ಲ. ಹಾಡು ಮುಗಿದು ಎಲ್ಲರೂ ನಿಲ್ಲಿಸಿದ್ದರೂ ನಾನೊಬ್ಬನೇ ಬಾರಿಸುತ್ತಿದ್ದೆ. ಹೊಗೆ ತಿಳಿಯಾದಾಗಲೂ ನನ್ನ ಕೈ ಆಡುತ್ತಲೇ ಇತ್ತು. ನೋಡಿದರೆ ಗಾಯಕ ಹಿಂತಿರುಗಿ ನನ್ನನ್ನೇ ದಿಟ್ಟಿಸುತ್ತಿದ್ದ. ಹುಡುಗರು ಅದನ್ನು ನನ್ನ ಕೈಚಳಕವೆಂದುಕೊಂಡು ಕುಣಿದಾಡುತ್ತಿದ್ದರು. ನಾನೂ ಬೇಕೆಂದೇ ಮಾಡಿದವನಂತೆ ಡ್ರಮ್ಮಿನ ಕಡ್ಡಿ ಮೇಲೆತ್ತಿ ನಕ್ಕುಬಿಟ್ಟೆ.

ವೇದಿಕೆಯ ಹಿಂದೆ ಡ್ರಮ್ಮು ಬಿಚ್ಚುತ್ತಿದ್ದಾಗ ಅಪ್ಪ ಬಂದರು.

"ಎಲ್ರ ಕೈಯೂ ನಿಂತೋಯ್ತು ಕಣ್ಲಾ, ನಿಂದೊಂದೇ ಆಡ್ತಿತ್ತು. ನಿಂಗೂ ಕಿವಿ ಹೋಗೈತಾ?"

ಅಪ್ಪನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಯಂತ್ರದ ಸದ್ದಿಗೆ ಎದುರಾಗಿ ಕೂಗಿ ಕೂಗಿ ಅದೇ ಅಭ್ಯಾಸ. ಪಕ್ಕದಲ್ಲಿ ವೈರು ಸುತ್ತುತ್ತಿದ್ದ ಗಾಯಕ ಹಾಗೇ ನಿಂತುಬಿಟ್ಟ. ಸುಮ್ಮನಿರಿ ಎಂದು ಅಪ್ಪನಿಗೆ ಸನ್ನೆ ಮಾಡಿದೆ. ಅವರು ಬಿಡಲಿಲ್ಲ, ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ನಾನೂ ಓನರ್‌ಗೆ ಹೇಳ್ದೆ ಮುಚ್ಚಿಟ್ಕಂಡಿದ್ದೆ. ಉಳಿದಿದ್ದು ಒಸೀನೂ ಹೊಂಟೋಯ್ತು. ನೀನು ಹಂಗ್ ಮಾಡ್ಬ್ಯಾಡ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪನ ಮೇಲೆ ಸಿಟ್ಟೂ ಬಂತು. ಗಾಯಕ ಹತ್ತಿರ ಬಂದು, ಬಾಯಿ ಕಾಣುವಂತೆ ಎದುರು ನಿಂತು, ಯಾಕೆ ಹೇಳಲಿಲ್ಲ ಎಂದು ಕೇಳಿದ. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಬಂದುಬಿಟ್ಟಿತು.

ಡಾಕ್ಟರು ಇನ್ನು ಡ್ರಮ್ಮು ಬೇಡವೆಂದರು, ಬ್ಯಾಂಡು ಬಿಟ್ಟೆ. ಈಗ ಕಿವಿಗೆ ಮೆಷಿನ್ನು, ಚನ್ನಪಟ್ಟಣದ ಗೊಂಬೆ ಅಂಗಡಿಯೊಂದರಲ್ಲಿ ಕೆಲಸ. ಎಲ್ಲಾದರೂ ಬ್ಯಾಂಡಿನ ಪೋಸ್ಟರ್ ಕಂಡರೆ ಹೊಟ್ಟೆ ಉರಿಯುತ್ತದೆ, ಇಲ್ಲವೆನ್ನಲಾರೆ. ಆದರೆ ನಟಿಸುವ ಆ ಸುಸ್ತು ಮಾತ್ರ ಇಲ್ಲ.

ಸಂಜೆ ರಾಮನಗರದ ಮನೆಗೆ ಬಂದ ಕೂಡಲೇ ಮೆಷಿನ್ನು ತೆಗೆದಿಡುತ್ತೇನೆ. ಅಮ್ಮ ಈಗ ಊಟಕ್ಕೆ ಕೂಗುವುದನ್ನೇ ಬಿಟ್ಟಿದ್ದಾಳೆ. ಲೈಟು ಒಮ್ಮೆ ಆರಿಸಿ ಮತ್ತೆ ಹಾಕುತ್ತಾಳೆ. ಅಪ್ಪ, ನಾನು ಒಟ್ಟಿಗೇ ಏಳುತ್ತೇವೆ.